ಕಟಲ್‌ಫಿಶ್‌ಗೆ ಊಟಕ್ಕೇನು? ಮನೆ ಅಕ್ವೇರಿಯಂನ ದುಬಾರಿ ಪ್ರಶ್ನೆ

(ಈ ವಾರದ ಎಪಿಸೋಡ್‌ನ ಬರಹ ರೂಪ)

ಅಮೆರಿಕದಲ್ಲಿರೋ ನಮ್ಮ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮನೇಲಿ ಉಪ್ಪುನೀರಿನ ಟ್ಯಾಂಕ್ ಇದೆಯಂತೆ. ಅದರಲ್ಲಿ ಕಟಲ್‌ಫಿಶ್ ಸಾಕಬೇಕು ಅಂತ ಆಸೆ. ದಿನಾ ಏನು ತಿನ್ನಿಸ್ಬೇಕು, ಅಂಗಡಿಯಲ್ಲಿ ಸಿಗೋ ಮೀನಿನ ಕಾಳು ಸಾಕಾಗುತ್ತಾ ಅನ್ನೋದು ಪ್ರಶ್ನೆ.

ಸಾಕಾಗಲ್ಲ. ಕಾಳು ಹಾಕಿದ್ರೆ ಬಹುತೇಕ ಕಟಲ್‌ಫಿಶ್ ಅದನ್ನ ಆಹಾರ ಅಂತಾನೇ ಗುರುತಿಸಲ್ಲ. ಯಾಕೆ ಅಂತ ಅರ್ಥ ಆದ್ರೆ ಉಳಿದ ಉತ್ತರ ಸುಲಭ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು, ಇದು ಯಾರು?

ಹೆಸರಲ್ಲಿ ಫಿಶ್ ಇದ್ರೂ ಇದು ಮೀನಲ್ಲ. ಆಕ್ಟೋಪಸ್ ಮತ್ತು ಸ್ಕ್ವಿಡ್‌ಗಳ ಬಳಗದ ಮೃದ್ವಂಗಿ. ಮಂಗಳೂರು, ಮಲ್ಪೆ ಕಡೆಯವರಿಗೆ ಪರಿಚಯ ಇರುತ್ತೆ: ಸ್ಕ್ವಿಡ್ ಅಂದ್ರೆ ಬೊಂಡಾಸ್, ಕಟಲ್‌ಫಿಶ್ ಅಂದ್ರೆ ಕಪ್ಪೆ ಬೊಂಡಾಸ್. ಲವ್ ಬರ್ಡ್ಸ್ ಸಾಕಿದವರೂ ಇದರ ಒಂದು ಭಾಗ ನೋಡಿರ್ತಾರೆ. ಹಕ್ಕಿ ಕೊಕ್ಕು ಉಜ್ಜಲಿ, ಕ್ಯಾಲ್ಸಿಯಂ ಸಿಗಲಿ ಅಂತ ಪಂಜರಕ್ಕೆ ಸಿಕ್ಕಿಸೋ ಬಿಳೀ ಚಪ್ಪಟೆ ವಸ್ತು ಇದೆಯಲ್ಲ, ಅದೇ ಇದರ ಒಳಗಿನ ಚಿಪ್ಪು. ಆಯುರ್ವೇದದಲ್ಲಿ ಅದನ್ನ ಸಮುದ್ರಫೇನ ಅಂತಾರೆ.

ಈ ಪ್ರಾಣಿಗೆ ಮೂರು ಹೃದಯ, ಎಂಟು ತೋಳು, ಅವುಗಳ ಮಧ್ಯೆ ಮಡಚಿಟ್ಟ ಎರಡು ಉದ್ದದ ಗ್ರಹಣಾಂಗ, ಗಿಳಿಯ ಹಾಗೆ ಕೊಕ್ಕು. ನಮ್ಮ ರಕ್ತ ಆಮ್ಲಜನಕ ಸಾಗಿಸೋದಕ್ಕೆ ಕಬ್ಬಿಣ ಬಳಸಿದ್ರೆ ಇದರ ರಕ್ತ ತಾಮ್ರ ಬಳಸುತ್ತೆ. ಹಾಗಾಗಿ ಅದರ ಬಣ್ಣ ನೀಲಿ ಹಸಿರು.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಸಿಗೋದು ಸೀಪಿಯಾ ಫರೋನಿಸ್. ಅದು ತುಂಬಾ ದೊಡ್ಡದಾಗಿ ಬೆಳೆಯೋದ್ರಿಂದ ಮನೆ ಟ್ಯಾಂಕ್‌ಗೆ ಹೊಂದಲ್ಲ. ಅಮೆರಿಕದ ಹವ್ಯಾಸಿಗಳು ಹೆಚ್ಚಾಗಿ ಸಾಕೋದು ಇಂಡೋನೇಷ್ಯಾ, ಫಿಲಿಪೀನ್ಸ್ ಸಮುದ್ರದ ಸೀಪಿಯಾ ಬ್ಯಾಂಡೆನ್ಸಿಸ್ ಅನ್ನೋ ಕುಳ್ಳ ತಳಿ. ಅಂಗೈಯಲ್ಲಿ ಕೂರುವಷ್ಟು ಗಾತ್ರ, ಆಯಸ್ಸು ಸುಮಾರು ಒಂದು ವರ್ಷ.

ಉಳಿತಾಯ ಖಾತೆಯೇ ಇಲ್ಲದ ದೇಹ

ನಾನು ಬಿ.ಕಾಂ ಓದಿದವನು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ನಾವು ಹೆಚ್ಚಿಗೆ ತಿಂದದ್ದು ಕೊಬ್ಬಾಗಿ ಜಮಾ ಆಗುತ್ತೆ. ಒಂದೆರಡು ದಿನ ಉಪವಾಸ ಇದ್ರೆ ಅದನ್ನ ಡ್ರಾ ಮಾಡ್ಕೊಂಡು ಬದುಕ್ತೀವಿ. ಕಟಲ್‌ಫಿಶ್‌ಗೆ ಅಂಥ ಖಾತೆ ಇಲ್ಲ ಅಂತಲೇ ಹೇಳಬಹುದು. ಅದರ ದೇಹ ನಡೆಯೋದು ಮುಖ್ಯವಾಗಿ ಪ್ರೋಟೀನ್ ಮೇಲೆ, ಕೊಬ್ಬು ಸಂಗ್ರಹ ತೀರಾ ಕಡಿಮೆ. ಊಟ ತಪ್ಪಿದ್ರೆ ಅದು ತನ್ನ ಸ್ನಾಯುವನ್ನೇ ಕರಗಿಸಿ ಖರ್ಚಿಗೆ ತಗೊಳ್ಳುತ್ತೆ.

ಇನ್ನೊಂದು ಕಡೆ ಬೆಳವಣಿಗೆಯ ಅವಸರ. ಒಂದೇ ವರ್ಷದಲ್ಲಿ ಹುಟ್ಟಿ, ಬೆಳೆದು, ಮೊಟ್ಟೆ ಇಟ್ಟು ಮುಗಿಸಬೇಕು. ಹಾಗಾಗಿ ಚಿಕ್ಕ ವಯಸ್ಸಲ್ಲಿ ದಿನಕ್ಕೆ ತನ್ನ ತೂಕದ ಹತ್ತರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ತಿನ್ನಬಲ್ಲದು. ಅರವತ್ತು ಕೆಜಿ ತೂಕದ ನೀವು ದಿನಾ ಆರು ಕೆಜಿ ಊಟ ಮಾಡಿದ ಹಾಗೆ!

ಈ ಹಸಿವಿನ ದಾಖಲೆ ಚಿಪ್ಪಿನಲ್ಲೂ ಉಳಿಯುತ್ತೆ. ಆ ಚಿಪ್ಪಿನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳು ಪದರ ಪದರವಾಗಿರುತ್ತವೆ. ನೀರಲ್ಲಿ ತೇಲೋದಕ್ಕೆ ಅವು ಬೇಕು. ಸರಿಯಾಗಿ ಊಟ ಸಿಗದಿದ್ದಾಗ ಪದರಗಳ ನಡುವಿನ ಅಂತರ ಕಡಿಮೆಯಾಗುತ್ತೆ. ಪಾಸ್‌ಬುಕ್ ಎಂಟ್ರಿ ಥರ, ಹಸಿದ ದಿನಗಳು ಅಲ್ಲಿ ಅಚ್ಚಾಗಿರುತ್ತವೆ.

ಮರಿಗಳಿಗೆ: ಓಡಾಡುವ ಊಟವೇ ಬೇಕು

ಕಟಲ್‌ಫಿಶ್ ಮರಿ ಮೊಟ್ಟೆಯಿಂದ ಹೊರಬಂದಾಗಲೇ ದೊಡ್ಡದರ ಪುಟ್ಟ ನಕಲು. ಮೊದಲ ಒಂದೆರಡು ದಿನ ಮೊಟ್ಟೆಯ ಭಂಡಾರದ ಉಳಿಕೆಯಲ್ಲೇ ಇರಬಹುದು. ಆಮೇಲೆ ಬೇಟೆ ಶುರು. ಕಣ್ಣೆದುರು ಚಲಿಸೋದನ್ನೇ ಅದು ಊಟ ಅಂತ ನೋಡೋದು. ಸತ್ತು ತಳದಲ್ಲಿ ಬಿದ್ದಿರೋದು ಅದಕ್ಕೆ ಬರೀ ಕಸ.

ಇಲ್ಲಿ ಹೊಸಬರು ಎಡವೋ ಒಂದು ಜಾಗ ಇದೆ. ಅಕ್ವೇರಿಯಂ ಲೋಕದಲ್ಲಿ ಸುಲಭವಾಗಿ ಸಿಗೋ ಜೀವಂತ ಆಹಾರ ಆರ್ಟೀಮಿಯಾ. ಮೊಟ್ಟೆಯ ಪುಡಿ ತಂದು ಉಪ್ಪುನೀರಿಗೆ ಹಾಕಿದ್ರೆ ಮಾರನೇ ದಿನ ಮರಿ ರೆಡಿ. ಅಗ್ಗ, ಚಲಿಸುತ್ತೆ, ಕಟಲ್‌ಫಿಶ್ ಮರಿ ಹಿಡಿದು ತಿನ್ನಲೂಬಹುದು. ಆದ್ರೆ ಅದೊಂದರ ಮೇಲೆಯೇ ಬೆಳೆಸಿದ ಮರಿಗಳು ಸೊರಗುತ್ತವೆ, ಎಷ್ಟೋ ಸಾಯುತ್ತವೆ. ಕಾರಣ, ಸಮುದ್ರದ ಜೀವಿಗಳಲ್ಲಿ ಇರೋ ಡಿಎಚ್‌ಎ ಥರದ ಒಮೆಗಾ-3 ಕೊಬ್ಬಿನಾಮ್ಲ ಆರ್ಟೀಮಿಯಾದಲ್ಲಿ ಬಹಳ ಕಡಿಮೆ. ಮಿದುಳು, ಕಣ್ಣು, ಜೀವಕೋಶದ ಪೊರೆ ಬೆಳೆಯೋದಕ್ಕೆ ಅದು ಬೇಕೇ ಬೇಕು.

ಇದಕ್ಕೆ ಪರಿಹಾರ ಮೈಸಿಸ್ ಅನ್ನೋ ಪುಟಾಣಿ ಸಿಗಡಿಯಂಥ ಜೀವಿ. ಮರಿಗಳ ಮೊದಲ ಊಟಕ್ಕೆ ಜೀವಂತ ಮೈಸಿಸ್‌ಗಿಂತ ಒಳ್ಳೇದು ಇಲ್ಲ ಅಂತ ಸಂಶೋಧಕರೂ ಹವ್ಯಾಸಿಗಳೂ ಒಪ್ಪುತ್ತಾರೆ. ತಳದಲ್ಲಿ ಹರಿದಾಡೋ ಆಂಫಿಪಾಡ್‌ಗಳೂ ನಡೆಯುತ್ತವೆ. ದಿನಕ್ಕೆ ಎರಡು ಮೂರು ಸಲ ಹಾಕಬೇಕು, ಟ್ಯಾಂಕ್‌ನಲ್ಲಿ ಬೇಟೆ ಖಾಲಿ ಆಗಬಾರದು. ಹಸಿದ್ರೆ ಅಣ್ಣ ತಮ್ಮಂದಿರನ್ನೇ ತಿನ್ನೋ ಪ್ರಾಣಿ ಇದು.

ಬೆಳೆದ ಮೇಲೆ: ಕಡ್ಡಿ ತುದಿಯ ಸಿಗಡಿ

ಸ್ವಲ್ಪ ದೊಡ್ಡದಾದ ಮೇಲೆ ಜೀವಂತ ಸಣ್ಣ ಸಿಗಡಿ, ಚಿಕ್ಕ ಏಡಿ ಕೊಡಬಹುದು. ಆಮೇಲೆ ನಿಧಾನವಾಗಿ ಫ್ರೋಜನ್ ಸಿಗಡಿಗೆ ಒಗ್ಗಿಸ್ತಾರೆ. ಹಸಿ ಸಿಗಡಿಯನ್ನ ಕರಗಿಸಿ, ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಸಿಕ್ಕಿಸಿ, ಜೀವ ಇರೋ ಹಾಗೆ ಮೆಲ್ಲಗೆ ಅಲ್ಲಾಡಿಸೋದು. ಮೊದಮೊದಲು ತಿರುಗಿಯೂ ನೋಡಲ್ಲ. ಆದ್ರೆ ಕಲಿಯೋ ಪ್ರಾಣಿ, ಕಲಿಯುತ್ತೆ. ಕೆಲವು, ಕಡ್ಡಿ ಹಿಡಿದವರು ಹತ್ತಿರ ಬಂದ್ರೆ ಸಾಕು, ಗಾಜಿನ ಹತ್ತಿರ ಬಂದು ಕಾಯುತ್ತವೆ.

ನೆನಪಿಡಬೇಕಾದ ಕೆಲವು ವಿಷಯ:

ಸಿಗಡಿ, ಏಡಿ ಮುಖ್ಯ ಊಟ, ಮೀನು ಬದಲಾವಣೆಗೆ ಮಾತ್ರ. ಸಿಗಡಿ ಏಡಿಗಳ ರಕ್ತದಲ್ಲೂ ತಾಮ್ರ ಇದೆ, ಅದು ಕಟಲ್‌ಫಿಶ್‌ಗೆ ಊಟದ ಮೂಲಕವೇ ಸಿಗುತ್ತೆ. ಆದ್ರೆ ಮೀನಿನ ಕಾಯಿಲೆಗೆ ಅಂತ ಮಾರೋ ತಾಮ್ರದ ಔಷಧಿ ನೀರಿಗೆ ಬಿದ್ರೆ ಪ್ರಾಣವೇ ಹೋಗುತ್ತೆ. ಊಟದಲ್ಲಿರೋ ತಾಮ್ರ ಬೇರೆ, ನೀರಲ್ಲಿ ಕರಗಿದ ತಾಮ್ರ ಬೇರೆ.

ಸಿಹಿನೀರಿನ ಗೋಲ್ಡ್‌ಫಿಶ್, ಗಪ್ಪಿಯನ್ನ ದಿನದ ಊಟ ಮಾಡಬೇಡಿ. ಅವುಗಳಲ್ಲಿರೋ ಕೊಬ್ಬಿನ ಸ್ವರೂಪ ಸಮುದ್ರದ ಪ್ರಾಣಿಗೆ ಹೊಂದಲ್ಲ. ಬೇರೆ ದಾರಿ ಇಲ್ಲದೆ ಸಿಹಿನೀರಿನ ಸಿಗಡಿ ಕೊಡೋದಾದ್ರೆ, ಒಂದು ದಿನ ಮೊದಲೇ ಅದಕ್ಕೆ ಒಳ್ಳೆ ಸಮುದ್ರ ಆಹಾರ ತಿನ್ನಿಸಿ. ಊಟಕ್ಕೇ ಊಟ ಹಾಕಿದ ಹಾಗೆ, ಅದರ ಹೊಟ್ಟೆಯಲ್ಲಿರೋದು ಇದರ ಹೊಟ್ಟೆ ಸೇರುತ್ತೆ.

ಬೇಯಿಸಿದ್ದು, ಉಪ್ಪು ಮಸಾಲೆ ಹಚ್ಚಿದ್ದು ಬೇಡವೇ ಬೇಡ.

ತಿಂದು ಬಿಟ್ಟ ಚೂರುಗಳನ್ನ ಕೂಡಲೇ ತೆಗೀರಿ. ಇಷ್ಟು ಪ್ರೋಟೀನ್ ತಿನ್ನೋ ಪ್ರಾಣಿ ಅಷ್ಟೇ ಅಮೋನಿಯಾ ಹೊರಗೆ ಬಿಡುತ್ತೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಊಟ ಹೆಚ್ಚಾದ್ರೆ ಫಿಲ್ಟರ್ ಕೆಲಸವೂ ಹೆಚ್ಚು ಅನ್ನೋದನ್ನ ಲೆಕ್ಕದಲ್ಲಿ ಇಟ್ಕೊಳ್ಳಿ.

ರುಚಿ ಗೊತ್ತಿರೋ ಪ್ರಾಣಿ

2008ರಲ್ಲಿ ಫ್ರಾನ್ಸ್‌ನ ಸಂಶೋಧಕರು ಒಂದು ಮಜಾ ವಿಷಯ ತೋರಿಸಿದ್ರು. ಕಟಲ್‌ಫಿಶ್ ಮರಿಗಳಿಗೆ ಸಾಮಾನ್ಯವಾಗಿ ಸಿಗಡಿ ಇಷ್ಟ. ಆದ್ರೆ ಮೊಟ್ಟೆಯೊಳಗೆ ಇದ್ದಾಗಲೇ ಹೊರಗಿನ ಏಡಿಗಳನ್ನ ನೋಡಿದ್ದ ಮರಿಗಳು, ಹುಟ್ಟಿದ ಮೇಲೆ ಏಡಿಯನ್ನೇ ಆರಿಸಿಕೊಂಡವು.

2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಅಮೆರಿಕದ ವುಡ್ಸ್ ಹೋಲ್ ಸಮುದ್ರ ಜೀವಶಾಸ್ತ್ರ ಪ್ರಯೋಗಾಲಯದ್ದು. ಅಲೆಕ್ಸಾಂಡ್ರಾ ಶ್ನೆಲ್ ಮತ್ತು ಸಂಗಡಿಗರು ಆರು ಕಟಲ್‌ಫಿಶ್‌ಗಳ ಮುಂದೆ ಎರಡು ಆಯ್ಕೆ ಇಟ್ರು: ಈಗಲೇ ಸಿಗೋ ಸತ್ತ ಸಿಗಡಿ ತುಂಡು, ಇಲ್ಲವೇ ಕಾದ್ರೆ ಸಿಗೋ ಜೀವಂತ ಸಿಗಡಿ. ಅವು ಕಾದವು! ಚೆನ್ನಾಗಿ ಕಾದವು ಎರಡು ನಿಮಿಷಕ್ಕೂ ಸ್ವಲ್ಪ ಹೆಚ್ಚು. ಫುಡ್ ಆರ್ಡರ್ ಮಾಡಿ ಎರಡು ನಿಮಿಷಕ್ಕೊಮ್ಮೆ ಆ್ಯಪ್ ನೋಡೋ ನಮಗಿಂತ ವಾಸಿ.

ಇದರಿಂದ ಸಾಕೋರಿಗೆ ತಿಳಿಯೋದು ಏನು? ಫ್ರೋಜನ್‌ಗೆ ಒಗ್ಗಿದ ಮೇಲೂ ಆಗಾಗ ಜೀವಂತ ಬೇಟೆ ಕೊಡಬೇಕು. ಹೊಂಚು ಹಾಕೋದು, ಬಣ್ಣ ಬದಲಿಸೋದು, ಗ್ರಹಣಾಂಗ ಚಿಮ್ಮಿಸೋದು ಅದರ ಬದುಕೇ. ಬರೀ ಹೊಟ್ಟೆ ತುಂಬಿಸಿದ್ರೆ ಅರ್ಧ ಕೆಲಸ ಆದ ಹಾಗೆ.

ಊಟ ಬಿಟ್ಟರೆ?

ಇದ್ದಕ್ಕಿದ್ದಂತೆ ತಿನ್ನೋದು ನಿಲ್ಲಿಸಿದ್ರೆ ಮೊದಲು ನೀರು ಟೆಸ್ಟ್ ಮಾಡಿ: ಅಮೋನಿಯಾ, ಉಪ್ಪಿನ ಪ್ರಮಾಣ, ಉಷ್ಣತೆ. ಆಮೇಲೆ ಹೆದರಿಕೆಯ ಕಾರಣ ಹುಡುಕಿ. ಹೆದರಿದ ಕಟಲ್‌ಫಿಶ್ ಹಿಂದಕ್ಕೆ ಚಿಮ್ಮಿ ಗಾಜಿಗೆ ಬಡಿದುಕೊಳ್ಳುತ್ತೆ, ಬಾಲದ ಕಡೆ ಗಾಯ ಆಗುತ್ತೆ. ಫ್ರೋಜನ್ ಬೇಡ ಅಂದ್ರೆ ಜೀವಂತ ಸಿಗಡಿ ಹಾಕಿ ನೋಡಿ.

ಮೊಟ್ಟೆ ಇಟ್ಟು ಮುಗಿದ, ವಯಸ್ಸಾದ ಕಟಲ್‌ಫಿಶ್ ಊಟ ಬಿಟ್ರೆ ಮಾತ್ರ ಅದು ಬೇರೆ ವಿಷಯ. ಅದು ಆಯಸ್ಸು ಮುಗಿಯೋ ಸೂಚನೆ, ನಿಮ್ಮ ತಪ್ಪಲ್ಲ.

ಹಾಗಾದ್ರೆ ಸಾಕಬಹುದಾ?

ಕೇರಳದ ವಿಳಿಂಜಂನಲ್ಲಿರೋ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ನಮ್ಮ ಫರೋನಿಸ್ ತಳಿಯನ್ನೇ ಮೊಟ್ಟೆಯಿಂದ ದೊಡ್ಡದಾಗುವವರೆಗೆ ಸಾಕಿ ತೋರಿಸಿದ್ದಾರೆ. ಅಂದ್ರೆ ಅಸಾಧ್ಯ ಏನಲ್ಲ. ಆದ್ರೆ ಅವರ ಪಕ್ಕದಲ್ಲಿ ಸಮುದ್ರ ಇದೆ, ದಿನಾ ತಾಜಾ ಬೇಟೆ ಇದೆ. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಏನಿದೆ?

ಟ್ಯಾಂಕ್, ಪಂಪ್, ಲೈಟ್ ಎಲ್ಲಾ ಒಂದು ಸಲದ ಬಂಡವಾಳ. ಊಟ ಮಾತ್ರ ದಿನದ ಖರ್ಚು. ನೀವು ಊರಿಗೆ ಹೋದಾಗಲೂ, ಕೊರಿಯರ್ ಎರಡು ದಿನ ತಡ ಆದಾಗಲೂ ಅದು ನಿಲ್ಲಲ್ಲ. ಉಳಿತಾಯ ಇಲ್ಲದ ದೇಹಕ್ಕೆ ಆ ಎರಡು ದಿನ ದೊಡ್ಡದು.

ಹಾಗಾಗಿ ನಮ್ಮ ಕೇಳುಗರಿಗೆ ನನ್ನ ಉತ್ತರ ಇಷ್ಟು: ಪ್ರಾಣಿ ತರೋ ಮೊದಲು ಅದರ ಊಟ ತನ್ನಿ. ಜೀವಂತ ಮೈಸಿಸ್ ಯಾರು ಕಳಿಸ್ತಾರೆ, ವಾರಕ್ಕೆ ಎಷ್ಟು ಖರ್ಚು, ಅದು ಬರದ ವಾರ ಏನು ಮಾಡ್ತೀರಿ ಅಂತ ಬರೆದಿಡಿ. ಎರಡು ತಿಂಗಳು ಆ ಪೂರೈಕೆ ತಪ್ಪದೆ ನಡೆದ್ರೆ, ಆಗ ಸಾಕಿದ ತಳಿಯ ಮೊಟ್ಟೆ ಅಥವಾ ಮರಿ ಹುಡುಕಿ, ಸಮುದ್ರದಿಂದ ಹಿಡಿದದ್ದು ಬೇಡ. ಲೆಕ್ಕ ತಾಳೆ ಆಗದಿದ್ರೆ ಟ್ಯಾಂಕ್‌ನಲ್ಲಿ ಎರಡು ಕ್ಲೌನ್‌ಫಿಶ್ ಇಟ್ಕೊಳ್ಳಿ. ಕಾಳು ಹಾಕಿದ್ರೂ ಅವು ಖುಷಿಯಾಗಿರ್ತವೆ.

ನಿಮ್ಮ ಹತ್ತಿರವೂ ಇಂಥ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.