ಮೀಸಲು ಪಡೆಯೂ ಮಲೆನಾಡಿನ ಹಳೆಯ ಸೇನಾವಾಹನಗಳೂ

'ಮೀಸಲು' ಎಂಬುದು ಕನ್ನಡದ ಬಹು ಹಳೆಯ ಮಾತುಗಳಲ್ಲೊಂದು. ಬೆಳೆದ ಫಲದಲ್ಲಿ ಮೊದಲನೆಯದನ್ನು ದೇವರಿಗೆಂದು ತೆಗೆದಿಟ್ಟರೆ ಅದು ಮೀಸಲು. ಹರಕೆಗೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ಕಾಸು ಮೀಸಲು. ತಕ್ಕ ಹೊತ್ತು ಬರುವವರೆಗೆ ಅದನ್ನು ಅನ್ಯ ಕಾರ್ಯಕ್ಕೆ ಮುಟ್ಟಲಾಗದು ಎಂಬುದೇ ಈ ಮಾತಿನ ತಿರುಳು. ಸೈನ್ಯದಲ್ಲಿ 'ರಿಸರ್ವ್' ಎಂದು ಕರೆಯುವುದನ್ನು ಕನ್ನಡಕ್ಕೆ ತಂದವರು 'ಮೀಸಲು ಪಡೆ' ಎಂದು ಹೆಸರಿಟ್ಟುದು ಹೀಗೆ ಅತ್ಯಂತ ಸಮಂಜಸವಾಗಿದೆ. ಮನೆಯಲ್ಲಿದ್ದು ಗದ್ದೆ ತೋಟ ನೋಡಿಕೊಳ್ಳುತ್ತಿರುವ ಮನುಷ್ಯನೊಬ್ಬನನ್ನು ನಾಡು ತನ್ನ ಆಪತ್ತಿಗೆಂದು ತೆಗೆದಿಟ್ಟುಕೊಂಡಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಇಂಥ ಮೀಸಲು ಯೋಧರ ಕಾಗದಪತ್ರಗಳೂ, ಸೇನೆಯಿಂದ ಬಂದ ಮುದಿ ವಾಹನಗಳೂ ಒಂದೇ ರೀತಿಯಲ್ಲಿ ಮೂಲೆ ಸೇರುತ್ತಿರುವುದರಿಂದ, ಎರಡನ್ನೂ ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಈ ಪದ್ಧತಿ ನಮಗೆ ಹೊಸದಲ್ಲ. ಕೆಳದಿ ಇಕ್ಕೇರಿಗಳು ಸಾಗರದ ಸೀಮೆಯಲ್ಲಿವೆ, ಬಿದನೂರು ಹೊಸನಗರದಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲಿದೆ, ಕೋಟೆಗಳ ನಾಡಿದು. ಕಾದುವವನಿಗೆ ಭೂಮಿ ಕೊಟ್ಟು, ಶಾಂತಿಯಲ್ಲಿ ಉಳು, ಕರೆ ಬಂದಾಗ ಹೊರಡು ಎನ್ನುವುದು ಹಿಂದಿನ ಅರಸರ ರೀತಿ. ಕೊಡಗಿನ ಜಮ್ಮಾ ಭೂಮಿ ಈ ರೀತಿಯದೇ. ಹೈದರಾಲಿ 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡ ಮೇಲೆ ಈ ಪ್ರಾಂತ್ಯ ಮೈಸೂರಿಗೆ ಸೇರಿತು. ಮೈಸೂರಿನಲ್ಲಿ ಊರೂರುಗಳಲ್ಲಿ ನೆಲೆಸಿ, ಬೇಸಾಯ ಮಾಡಿಕೊಂಡು, ಬೇಕಾದಾಗ ಆಯುಧ ಹಿಡಿಯುತ್ತಿದ್ದ ಸ್ಥಳೀಯ ಪಡೆಗೆ 'ಕಂದಾಚಾರ'ವೆಂದು ಹೆಸರು. ಕಾವಲು, ಕಂದಾಯದ ಕೆಲಸಗಳಿಗೂ ಇವರೇ ಒದಗುತ್ತಿದ್ದರು. ಇಂದು ಕಂದಾಚಾರವೆಂದರೆ ಕುರುಡು ಸಂಪ್ರದಾಯವೆಂದೇ ವಿದ್ಯಾರ್ಥಿಗಳು ಅರ್ಥ ಹೇಳುತ್ತಾರೆ. ಒಂದು ಇಡೀ ಪಡೆಯ ಹೆಸರು ನಮ್ಮ ನೆನಪಿನಿಂದ ಜಾರಿ, ಬೈಗುಳಕ್ಕೆ ಸಮೀಪದ ಮಾತಷ್ಟೇ ಉಳಿದಿದೆ!

ಇನ್ನೊಂದು ಶಾಸನಪದವನ್ನೂ ಇಲ್ಲಿ ಸ್ಮರಿಸಬೇಕು. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ 'ನೆತ್ತರುಗೊಡಗೆ' ಎಂದು ಹೆಸರು. ನಮ್ಮ ವೀರಗಲ್ಲುಗಳು ಬರಿಯ ಸ್ತುತಿಗಳಲ್ಲ. ಯಾರು ಎಲ್ಲಿ ಕಾದಿದರು, ಅವರ ಮನೆಗೆ ಏನು ಸಂದಿತು ಎಂಬುದಕ್ಕೆ ಅನೇಕ ಕಡೆ ಅವೇ ದಾಖಲೆ. ಕಲ್ಲಿಗೆ ಗೆದ್ದಲು ಹತ್ತುವುದಿಲ್ಲವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ಈಗ ಆಧುನಿಕ ವ್ಯವಸ್ಥೆಗೆ ಬರೋಣ. ಇದರಲ್ಲಿ ಎರಡು ಬಗೆಗಳುಂಟು. ಜನರು ಸಾಮಾನ್ಯವಾಗಿ ಎರಡನ್ನೂ ಒಂದೆಂದೇ ತಿಳಿಯುತ್ತಾರೆ. ಮೊದಲನೆಯದು 1888ರ ಮೀಸಲು ಪಡೆಗಳ ಕಾಯಿದೆಯ ಮೇರೆಗೆ ನಡೆದುಬಂದ ರಿಸರ್ವ್ ಸೇವೆ. ಸಿಪಾಯಿಯು ಕೆಲವು ವರ್ಷ 'ಕಲರ್ ಸರ್ವಿಸ್' ಮಾಡಿ, ಉಳಿದ ವರ್ಷಗಳನ್ನು ರಿಸರ್ವಿನಲ್ಲಿ ಕಳೆಯಬೇಕು. ಇಲ್ಲಿ ಕಲರ್ ಎಂದರೆ ಬಣ್ಣವಲ್ಲ, ದಳದ ಧ್ವಜ. ಕಲರ್ ಸರ್ವಿಸ್ ಎಂದರೆ ಧ್ವಜದ ಕೆಳಗೆ ನಿಂತು ಮಾಡಿದ ಸೇವೆ. ಅದು ಮುಗಿದವನು ಮನೆಗೆ ಬರುತ್ತಾನೆ, ಆದರೆ ಅವನ ಹೆಸರು ಪಟ್ಟಿಯಿಂದ ಹೋಗುವುದಿಲ್ಲ. ಏಳು ವರ್ಷ ಧ್ವಜದಡಿ, ಎಂಟು ವರ್ಷ ಮೀಸಲಿನಲ್ಲಿ ಎಂಬ ಕರಾರು ಒಂದು ಕಾಲಕ್ಕೆ ಪರಿಚಿತವಾಗಿತ್ತು. ಮುಂದೆ ಧ್ವಜದಡಿಯ ಅವಧಿ ನೀಳವಾಗಿ ಮೀಸಲಿನ ಅವಧಿ ಕಿರಿದಾಯಿತು.

ಎರಡನೆಯದು ಪ್ರಾದೇಶಿಕ ಸೇನೆ, ಎಂದರೆ ಟೆರಿಟೋರಿಯಲ್ ಆರ್ಮಿ. ಇದರ ಕಾಯಿದೆ 1948ರದು. ನಮ್ಮ ಕೊಡಗಿನ ಕಾರಿಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದೇ ವರ್ಷ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಾಜಿಯವರು ಪ್ರಾದೇಶಿಕ ಸೇನೆಯನ್ನು ಉದ್ಘಾಟಿಸಿದರು. ಇದರಲ್ಲಿರುವವನು ಮೊದಲು ಗೃಹಸ್ಥ, ಉದ್ಯೋಗಸ್ಥ. ವರ್ಷದಲ್ಲಿ ನಿಯತ ಕಾಲ ತರಬೇತಿ ಪಡೆದು ತನ್ನ ಕೆಲಸಕ್ಕೆ ಮರಳುತ್ತಾನೆ. 'ಸಾವಧಾನೀ ವ ಶೂರತಾ' ಎಂಬುದು ಅದರ ಧ್ಯೇಯವಾಕ್ಯ. ಶೌರ್ಯಕ್ಕಿಂತ ಮೊದಲು ಎಚ್ಚರವನ್ನು ಹೇಳಿರುವುದು ಗಮನಿಸತಕ್ಕದ್ದು. 1962, 1965, 1971ರ ಯುದ್ಧಗಳಲ್ಲಿ ಈ ಪಡೆಗಳೂ ಸೇವೆ ಸಲ್ಲಿಸಿವೆ.

ವಾಹನಗಳ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಮೈಸೂರಿನ ಲ್ಯಾನ್ಸರ್ಸ್ ದಳದವರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದುದು ಕುದುರೆಯ ಮೇಲೆ. ಎರಡನೆಯ ಮಹಾಯುದ್ಧದ ವೇಳೆಗೆ ಕುದುರೆಯ ಸ್ಥಾನಕ್ಕೆ ಯಂತ್ರ ಬಂದಿತ್ತು. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಉಳಿದ ಸಾವಿರಾರು ವಾಹನಗಳನ್ನು ಸರ್ಕಾರ ಹರಾಜು ಹಾಕಿತು. 'ಡಿಸ್ಪೋಸಲ್ ಗಾಡಿ' ಎಂಬ ಮಾತು ಹುಟ್ಟಿದ್ದು ಆಗ. ಕೆನಡಾದಲ್ಲಿ ಮಾಡಿದ, ಮೂಗು ಮೊಂಡಾದ ಫೋರ್ಡ್, ಷೆವರ್ಲೆ ಲಾರಿಗಳು ಹಾಗೆ ಬಂದವು. ಅವುಗಳಲ್ಲಿ ಕೆಲವಕ್ಕೆ ಎದುರಿನ ಗಾಜು ಮೇಲ್ತುದಿ ಮುಂದಕ್ಕೆ ಬಾಗಿ ಕೆಳಮುಖವಾಗಿರುತ್ತಿತ್ತು. ಬಿಸಿಲು ಪ್ರತಿಫಲಿಸಿ ಆಕಾಶದಲ್ಲಿನ ಶತ್ರುವಿಮಾನಕ್ಕೆ ಸುಳಿವು ಸಿಗಬಾರದೆಂಬುದೇ ಅದರ ಉದ್ದೇಶ.

ಆದರೆ ಮಲೆನಾಡಿಗೆ ನಿಜವಾಗಿ ಒಗ್ಗಿದ ವಾಹನ ಜೀಪು. ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರವರೆಗೆ ಸುಮಾರು ಆರು ಲಕ್ಷಕ್ಕೂ ಮಿಕ್ಕು ಜೀಪುಗಳನ್ನು ಮಾಡಿದವು. ಅರವತ್ತು ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಎಂಜಿನು. ಚಾಲಕನ ಆಸನದ ಕೆಳಗೇ ಪೆಟ್ರೋಲಿನ ತೊಟ್ಟಿ. ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು. ಕೆಸರಿನಲ್ಲಿ ಸಿಕ್ಕಿದಾಗ ಸೈನಿಕರು ಎತ್ತಿ ಸರಿಸಲು ಮೈಮೇಲೆ ಹಿಡಿಕೆಗಳು. ಮಹೀಂದ್ರ ಸಂಸ್ಥೆಯವರು 1947ರಿಂದ ಮುಂಬಯಿಯಲ್ಲಿ ವಿಲ್ಲೀಸ್ ಜೀಪನ್ನು ಜೋಡಿಸಿ ಮಾರತೊಡಗಿದರು.

ನಮ್ಮ ಮಣ್ಣಿಗೆ ಇದು ಏಕೆ ಒಗ್ಗಿತು? ಸಾಧಾರಣ ಮೋಟಾರಿನಲ್ಲಿ ಎಂಜಿನಿನ ಬಲ ಎರಡೇ ಚಕ್ರಗಳಿಗೆ ಹೋಗುತ್ತದೆ. ಅವುಗಳಲ್ಲಿ ಒಂದು ಕೆಸರಿನಲ್ಲಿ ಜಾರಿದರೆ, ತಿರುಗಾಟವೆಲ್ಲ ಜಾರುವ ಚಕ್ರಕ್ಕೇ ಸಂದು, ಗಟ್ಟಿನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತುಬಿಡುತ್ತದೆ. ಜೀಪಿನಲ್ಲಿ ಗೇರಿನ ಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆಯುಂಟು. ಅದು ಬಲವನ್ನು ಮುಂದಿನ ಚಕ್ರಗಳಿಗೂ ಹಂಚುತ್ತದೆ. ಅದಕ್ಕೆಂದೇ ಗೇರಿನ ಹಿಡಿಯ ಪಕ್ಕದಲ್ಲಿ ಎರಡು ಗಿಡ್ಡ ಹಿಡಿಗಳು: ಒಂದು ಮುಂದಿನ ಚಕ್ರಗಳನ್ನು ಕೂಡಿಸಲು, ಇನ್ನೊಂದು ವೇಗವನ್ನು ಹೆಚ್ಚುಕಡಮೆ ಅರ್ಧಕ್ಕೆ ಇಳಿಸಿ ಎಳೆತವನ್ನು ಇಮ್ಮಡಿಗೊಳಿಸಲು. ಆಷಾಢದ ಮಳೆಯಲ್ಲಿ ಘಟ್ಟದ ಕಾಡುದಾರಿ ಏರುವವನಿಗೆ ಈ ಎರಡನೆಯ ಹಿಡಿಯ ಬೆಲೆ ತಿಳಿದಿರುತ್ತದೆ. ಹೊಸನಗರ ಸೀಮೆಯ ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಇಂದಿಗೂ ಯಾತ್ರಿಕರನ್ನು ಹೊತ್ತೊಯ್ಯುವುದು ಜೀಪುಗಳೇ. ನಮ್ಮ ಕಡೆಯ ತೋಟಗಳಲ್ಲಿ ಗೊಬ್ಬರ ಹೇರಿ, ಅಡಿಕೆ ಮೂಟೆ ಹೊತ್ತು, ರಾತ್ರಿಯಲ್ಲಿ ಹೆರಿಗೆಯ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸಿದ ಜೀಪುಗಳನ್ನು ಹಿರಿಯರೆಲ್ಲ ಕಂಡಿದ್ದಾರೆ.

ಭಾಷಾಭ್ಯಾಸಿಗೆ ಈ ಹೆಸರುಗಳೂ ಸ್ವಾರಸ್ಯಕರ. ಜೀಪು ಎಂಬ ಮಾತಿನ ಮೂಲ ಇನ್ನೂ ವಿವಾದದಲ್ಲಿದೆ. ಎರಡು ಅಕ್ಷರಗಳ ಸಂಕ್ಷೇಪವೆನ್ನುವವರುಂಟು, 1936ರ ಚಿತ್ರಕಥೆಯೊಂದರ ವಿಚಿತ್ರ ಪ್ರಾಣಿಯ ಹೆಸರೆನ್ನುವವರುಂಟು. ಜಬಲ್ಪುರದಲ್ಲಿ ಸೇನೆಗಾಗಿ 1969ರಿಂದ 1999ರವರೆಗೆ ತಯಾರಾದ 'ಜೋಂಗಾ' ಅಲ್ಲಿಯ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಿಂದಾದುದು. ಎಲ್ಲಕ್ಕಿಂತ ಸೊಗಸಾದುದು 'ಶಕ್ತಿಮಾನ್' ಲಾರಿ. ಜರ್ಮನಿಯ 'ಮಾನ್' ಎಂಬ ಸಂಸ್ಥೆಯ ನೆರವಿನಿಂದ 1959ರಲ್ಲಿ ಜಬಲ್ಪುರದಲ್ಲಿ ಇದರ ತಯಾರಿಕೆ ಮೊದಲಾಯಿತು. ಶಕ್ತಿಗೆ ಮಾನ್ ಸೇರಿತು. ಸಂಸ್ಕೃತದ ಮತುಪ್ ಪ್ರತ್ಯಯವಾದರೂ ಇದೇ ರೂಪವನ್ನು ಕೊಡುತ್ತದೆ! ಪಾಣಿನಿಯೂ ಜರ್ಮನಿಯೂ ಒಂದೇ ಲಾರಿಯ ಹಲಗೆಯ ಮೇಲೆ ಕೂಡಿದ ನಿದರ್ಶನ ಬೇರೆ ದೊರೆಯಲಾರದು.

ಸೇನೆಯ ವಾಹನದ ಸಂಖ್ಯಾಫಲಕವನ್ನು ಓದುವ ಕ್ರಮವೂ ತಿಳಿದಿರಲಿ. ಅದರಲ್ಲಿ ಮೇಲ್ಮುಖವಾದ ಬಾಣವಿರುತ್ತದೆ. ಫಲಕ ತಲೆಕೆಳಗಾದರೂ ಓದುವ ದಿಕ್ಕು ಬಾಣದಿಂದ ತಿಳಿಯುತ್ತದೆ. ಬಾಣದ ಜೊತೆಯ ಎರಡು ಅಂಕಿಗಳು ವಾಹನವನ್ನು ಸೇನೆ ಪಡೆದ ವರ್ಷವನ್ನು ಹೇಳುತ್ತವೆ.

ಈ ಸಂಗತಿಗಳಲ್ಲಿ ಬಹುಭಾಗವನ್ನು ನಾನು ವಿದ್ಯಾರ್ಥಿದೆಸೆಯಲ್ಲಿ, ನಮ್ಮ ನೆರೆಯ ಗ್ರಾಮದ ಒಬ್ಬ ಹಿರಿಯರಿಂದ ಕೇಳಿ ತಿಳಿದೆ. ಅವರು 1962ರ ಯುದ್ಧದ ಬಳಿಕ ಸೇನೆ ಸೇರಿ ಲಾರಿ ನಡೆಸಿ, ಏಳು ವರ್ಷಕ್ಕೆ ಮನೆಗೆ ಮರಳಿ, ಮೀಸಲಿನಲ್ಲಿದ್ದವರು. 1971ರಲ್ಲಿ ಅವರಿಗೆ ಮರುಕರೆ ಬಂತು. ಅಡಿಕೆ ಕೊಯ್ಲಿನ ಕಾಲ. ಕೊನೆಗೌಡನಿಗೆ ದಿನ ಗೊತ್ತುಮಾಡಿಯಾಗಿತ್ತು. ಅವರು ಮರುದಿನವೇ ಹೊರಟರು. ಆ ವರ್ಷದ ಕೊಯ್ಲು, ಸುಲಿತ, ಬೇಯಿಸುವುದೆಲ್ಲವನ್ನೂ ನೆರೆಕೆರೆಯವರೇ ನಡೆಸಿಕೊಟ್ಟರು. ಮೀಸಲು ಸೇವೆಯೆಂಬುದು ಒಬ್ಬನ ಸೇವೆಯಲ್ಲ, ಊರಿನ ಸೇವೆ ಎಂಬುದನ್ನು ನಾನು ಅರಿತದ್ದು ಅವರ ಮಾತಿನಿಂದ.

ಅವರಿಗೆ ವೃದ್ಧಾಪ್ಯದಲ್ಲಿ ಆಧಾರವಾದುದು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿದ್ದ ಬಿಡುಗಡೆಯ ಪುಸ್ತಕ. ಧ್ವಜದಡಿಯ ಸೇವೆಯೂ ಮೀಸಲು ಸೇವೆಯೂ ಕೂಡಿ 15 ವರ್ಷ ತುಂಬಿದವನಿಗೆ ರಿಸರ್ವಿಸ್ಟ್ ಪಿಂಚಣಿ ಸಲ್ಲುತ್ತದೆಂಬ ನಿಯಮ ಸೇನೆಯ ಪಿಂಚಣಿ ನಿಬಂಧನೆಗಳಲ್ಲಿದೆ. ಅದೇ ಊರಿನ ಇನ್ನೊಬ್ಬರ ಪುಸ್ತಕ ಗೆದ್ದಲಿಗೆ ಆಹುತಿಯಾಯಿತು. ದಳದ ಸಂಖ್ಯೆ ಮನೆಯವರಾರಿಗೂ ನೆನಪಿರಲಿಲ್ಲ. ಅವರು ಅಲೆದದ್ದಕ್ಕೆ ಲೆಕ್ಕವಿಲ್ಲ. ಫಲ ಮಾತ್ರ ಕೈಗೆ ಬರಲಿಲ್ಲ. ನೆತ್ತರುಗೊಡಗೆಯನ್ನು ಕಲ್ಲಿನಲ್ಲಿ ಕೊರೆಸಿದ ನಾಡಿನಲ್ಲಿ ಇದು ಆಗಬಾರದಿತ್ತು.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆತನದಲ್ಲಿ ಸೇನೆಯಲ್ಲಿದ್ದವರಿದ್ದರೆ, ಅವರ ಸೇನಾಸಂಖ್ಯೆ, ದಳ, ಸೇರಿದ ಮತ್ತು ಬಿಟ್ಟ ದಿನಾಂಕ, ಮೀಸಲಿನ ಅವಧಿ ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ಬಿಡುಗಡೆಯ ಪುಸ್ತಕದ ಎರಡು ಪ್ರತಿ ಮಾಡಿಸಿರಿ. ಪುಸ್ತಕ ಕಳೆದಿದ್ದರೂ ಸಂಖ್ಯೆ ತಿಳಿದಿದ್ದರೆ ಆಯಾ ದಳದ ದಾಖಲೆ ಕಚೇರಿಗೆ ಬರೆಯಬಹುದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾರ್ಗದರ್ಶನ ಕೇಳಬಹುದು. 2022ರ ಅಗ್ನಿಪಥ ಯೋಜನೆಯಂತೆ ಸೇರಿದ ತರುಣರು ನಾಲ್ಕು ವರ್ಷ ಸೇವೆ ಮಾಡುತ್ತಾರೆ. ಅವರಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಸೇನೆಯಲ್ಲಿ ಮುಂದುವರಿಯುತ್ತಾರೆ, ಉಳಿದವರು ಊರಿಗೆ ಮರಳುತ್ತಾರೆ. ಸೇರುವ ಮುನ್ನವೇ ಕರಾರನ್ನು ಓದಿ ಅರ್ಥ ಮಾಡಿಕೊಳ್ಳುವಂತೆ ಅವರಿಗೆ ಹೇಳಿಕೊಡುವುದು ಉಪಾಧ್ಯಾಯರ ಹೊಣೆ.

ವಾಹನಗಳ ವಿಷಯದಲ್ಲಿಯೂ ಅಷ್ಟೆ. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ಪ್ರಾಚೀನ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಲು 2021ರ ನಿಯಮಗಳು ಅವಕಾಶವಿತ್ತಿವೆ. ನೋಂದಣಿಯ ಅವಧಿ ಹತ್ತು ವರ್ಷ. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಡೀಸೆಲ್ ಎಂಜಿನು ಕೂರಿಸಿಕೊಂಡ ಜೀಪುಗಳಿಗೆ ಇದು ದೊರೆಯುವುದು ಕಷ್ಟ. ಹಾಗಿದ್ದರೂ ಕೊಟ್ಟಿಗೆಯಲ್ಲಿರುವ ಹಳೆಯ ಜೀಪನ್ನು ಗುಜರಿಯವನಿಗೆ ತೂಗಿ ಕೊಡುವ ಮೊದಲು, ಅದರ ಮೈಮೇಲಿನ ಲೋಹದ ಫಲಕವನ್ನು ಒಮ್ಮೆ ಉಜ್ಜಿ ಓದಬೇಕಾಗಿ ಪ್ರಾರ್ಥನೆ.

ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅರಸರ ಕಾಲದ ಓಲೆಗಳೂ ಕಡತಗಳೂ ಉಳಿದಿರುವುದು, ಯಾರೋ ಕೆಲವರು ಮನೆಮನೆ ತಿರುಗಿ ಕೂಡಿಟ್ಟುದರಿಂದ. ನಮ್ಮ ಕಾಲದ ಯೋಧರ ಕಾಗದಗಳನ್ನೂ ಹಾಗೆಯೇ ಕೂಡಿಡಲು ಪಾಠಶಾಲೆಗಿಂತ ತಕ್ಕ ಸ್ಥಳವಿಲ್ಲ. ಅದಕ್ಕೆ ಬೇಕಾದುದು ಒಂದು ಬೀರು, ಒಂದು ದಪ್ಪ ಪುಸ್ತಕ, ವಾರಕ್ಕೊಮ್ಮೆ ಕುಳಿತು ಬರೆಯುವ ಇಬ್ಬರು ವಿದ್ಯಾರ್ಥಿಗಳು. ದಾನಿಗಳು ಮನಸ್ಸು ಮಾಡಿದರೆ ಮುಂದಿನ ಸಂಚಿಕೆಯ ವೇಳೆಗೆ ಮೊದಲ ಪುಟಗಳು ತುಂಬಿಯಾವು.