ನಾಲ್ಕು ಅಕ್ಷರ, 21 ಬೈಟ್

ಮೈಸೂರು ಅರಮನೆಯ ದಕ್ಷಿಣಕ್ಕೆ, ನೂರೊಂದು ಗಣಪತಿ ಗುಡಿಯ ಆಸುಪಾಸಿನಲ್ಲಿ ಹರಡಿಕೊಂಡಿರುವ ಅಗ್ರಹಾರವನ್ನು ಯಾರೂ ತಂತ್ರಜ್ಞಾನದ ಬಡಾವಣೆ ಎನ್ನುವುದಿಲ್ಲ. ಆ ಮಾತು ಬಂದರೆ ಜನ ಹೆಬ್ಬಾಳದ ಕಡೆ, ಇನ್ಫೊಸಿಸ್ ಆವರಣದ ಕಡೆ ಕೈ ತೋರಿಸುತ್ತಾರೆ. ಆದರೂ ಈ ಅಧ್ಯಾಯವನ್ನು ಅಗ್ರಹಾರದಿಂದಲೇ ಶುರು ಮಾಡಬೇಕು. ಅಂತರಜಾಲ ಬಂದದ್ದರಿಂದ ಒಂದು ಸಣ್ಣ ಸಂಸ್ಥೆಗೆ ಏನು ಸಿಕ್ಕಿತು ಎನ್ನುವುದಕ್ಕೆ ಇಲ್ಲಿಗಿಂತ ಒಳ್ಳೆಯ ಉದಾಹರಣೆ ಮೈಸೂರಿನಲ್ಲಿ ಸಿಗುವುದು ಕಷ್ಟ.

ಇಲ್ಲಿನ ರಾಮಚಂದ್ರ ಅಗ್ರಹಾರದಿಂದ ‘ಸುಧರ್ಮಾ’ ಎಂಬ ಸಂಸ್ಕೃತ ದಿನಪತ್ರಿಕೆ ಹೊರಡುತ್ತದೆ. 1970ರ ಜುಲೈನಲ್ಲಿ ಪಂಡಿತ ವರದರಾಜ ಅಯ್ಯಂಗಾರ್ ಅದನ್ನು ಆರಂಭಿಸಿದರು. ಅವರ ನಂತರ ಮಗ ಕೆ.ವಿ. ಸಂಪತ್‌ಕುಮಾರ್, ಸೊಸೆ ಜಯಲಕ್ಷ್ಮಿ ನಡೆಸಿಕೊಂಡು ಬಂದರು. 2020ರಲ್ಲಿ ದಂಪತಿಗೆ ಪದ್ಮಶ್ರೀ ಬಂತು. ಮರುವರ್ಷ ಜೂನ್ 30ರಂದು ಸಂಪತ್‌ಕುಮಾರ್ ತೀರಿಕೊಂಡರು. ಈ ಪತ್ರಿಕೆಗೆ ಒಂದೇ ಊರಿನಲ್ಲಿ ಒತ್ತಾಗಿ ಓದುಗರಿಲ್ಲ. ಒಬ್ಬರು ಕಾಶಿಯಲ್ಲಿ, ಒಬ್ಬರು ಕೇರಳದಲ್ಲಿ ಎಂಬಂತೆ ಚದುರಿಹೋದವರು. ಆದ್ದರಿಂದ ಬಹುಪಾಲು ಪ್ರತಿಗಳು ಅಂಚೆಯಲ್ಲೇ ಹೋಗಬೇಕು. ದಿನಪತ್ರಿಕೆ ಅಂಚೆಯಲ್ಲಿ ಹೋದರೆ ಅದು ಕೈಗೆ ಸಿಗುವ ಹೊತ್ತಿಗೆ ಎಷ್ಟು ದಿನದ್ದಾಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. 2009ರಲ್ಲಿ ಪತ್ರಿಕೆಯ ಇ-ಪೇಪರ್ ಬಂತು. ಅಂದಿನಿಂದ ಅಮೆರಿಕದಲ್ಲಿ ಕುಳಿತ ಓದುಗನಿಗೂ ಅಗ್ರಹಾರದ ಓದುಗನಿಗೂ ಅದೇ ದಿನ ಅದೇ ಪುಟ.

ಪತ್ರಿಕೆ ಬರೆದವರಿಗೆ ಹೆಸರು ಬರುತ್ತದೆ, ಬರಬೇಕಾದ್ದೇ. ಆ ಪುಟವನ್ನು ಪ್ರತಿದಿನ ತಪ್ಪದೆ ಜಾಲದ ಮೇಲೆ ನಿಲ್ಲಿಸುವವರ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಈ ಅಧ್ಯಾಯ ಅಂಥ ಕೆಲಸದವರ ಬಗ್ಗೆ. ಅವರನ್ನು ವೆಬ್ ಡೆವಲಪರ್ ಎನ್ನುತ್ತೇವೆ.

ಅವರ ಕೆಲಸದ ಸಾಮಾನು ಮೇಲ್ನೋಟಕ್ಕೆ ಸರಳ. ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಚಿತ್ರ ಎಂದು ಗುರುತು ಹಾಕಲು ಎಚ್‌ಟಿಎಂಎಲ್. ಅದು ಕಣ್ಣಿಗೆ ಹೇಗೆ ಕಾಣಬೇಕೆಂದು ಹೇಳಲು ಸಿಎಸ್‌ಎಸ್. ಗುಂಡಿ ಒತ್ತಿದರೆ ಏನಾಗಬೇಕೆಂದು ಹೇಳಲು ಜಾವಾಸ್ಕ್ರಿಪ್ಟ್. ಇದಿಷ್ಟು ಬ್ರೌಸರಿನಲ್ಲಿ ನಡೆಯುವುದು. ಇದರ ಹಿಂದೆ ಸರ್ವರ್, ಮಾಹಿತಿ ಕೂಡಿಡುವ ಡೇಟಾಬೇಸ್, ವಿಳಾಸವಾದ ಡೊಮೇನ್, ಸಂಪರ್ಕ ಸುರಕ್ಷಿತವೆಂದು ಹೇಳುವ ಪ್ರಮಾಣಪತ್ರ ಇರುತ್ತವೆ. ಮುಂದಿನದನ್ನು ಮಾಡುವವರು ಫ್ರಂಟ್‌ಎಂಡ್, ಹಿಂದಿನದನ್ನು ಮಾಡುವವರು ಬ್ಯಾಕ್‌ಎಂಡ್. ಮೈಸೂರಿನಂಥ ಊರಿನಲ್ಲಿ ಸ್ವಂತವಾಗಿ ಕೆಲಸ ಮಾಡುವವರು ಎರಡನ್ನೂ ಮಾಡುತ್ತಾರೆ, ಜೊತೆಗೆ ಬಿಲ್ಲು ಬರೆದು ಬಾಕಿ ವಸೂಲಿಯನ್ನೂ ಮಾಡುತ್ತಾರೆ.

ಹೊಸ ತಾಣ ಕಟ್ಟುವುದು ಈ ಕೆಲಸದ ಚಿಕ್ಕ ಪಾಲು. ಡೊಮೇನ್ ನವೀಕರಿಸದಿದ್ದರೆ ವಿಳಾಸವೇ ಕೈಬಿಟ್ಟು ಹೋಗುತ್ತದೆ. ಪ್ರಮಾಣಪತ್ರದ ಅವಧಿ ಮುಗಿದರೆ ‘ಈ ತಾಣ ಸುರಕ್ಷಿತವಲ್ಲ’ ಎಂದು ಬ್ರೌಸರ್ ಹೆದರಿಸುತ್ತದೆ. ಹಳೆಯ ತಂತ್ರಾಂಶಕ್ಕೆ ತೇಪೆ ಹಾಕದಿದ್ದರೆ ಯಾರೋ ಒಳನುಗ್ಗಿ, ದೇವಸ್ಥಾನದ ಪೂಜಾ ವಿವರವಿದ್ದ ಪುಟದಲ್ಲಿ ಜೂಜಿನ ಜಾಹೀರಾತು ತೂರಿಸುತ್ತಾರೆ. ಗಿರಾಕಿ ಬಂದು ‘ಒಂದು ವೆಬ್‌ಸೈಟ್ ಮಾಡಿಕೊಡಿ, ಎಷ್ಟಾಗುತ್ತೆ?’ ಎಂದು ಕೇಳುವಾಗ ಈ ನಿತ್ಯದ ಪಾರುಪತ್ಯ ಅವರ ಲೆಕ್ಕದಲ್ಲಿ ಇರುವುದೇ ಇಲ್ಲ. ಅದನ್ನು ಮೊದಲ ದಿನವೇ ಬಿಡಿಸಿ ಹೇಳುವುದು ಈ ಕಸುಬಿನ ನಿಜವಾದ ಜಾಣತನ. ಕೋಡ್ ಬರೆಯುವುದು ಅದಕ್ಕಿಂತ ಸುಲಭ.

ಇಷ್ಟರವರೆಗೆ ಹೇಳಿದ್ದು ಲಂಡನ್ನಿನ ಡೆವಲಪರಿಗೂ ಸಲ್ಲುತ್ತದೆ. ಮೈಸೂರಿನವರಿಗೆ ಇದರ ಮೇಲೆ ಇನ್ನೊಂದು ಕೆಲಸ ಬೀಳುತ್ತದೆ: ಕನ್ನಡ.

‘ಅಗ್ರಹಾರ’ ಎಂದು ಪರದೆಯ ಮೇಲೆ ಬರೆಯಿರಿ. ಓದುವವರಿಗೆ ಅದು ನಾಲ್ಕು ಅಕ್ಷರ: ಅ, ಗ್ರ, ಹಾ, ರ. ಕಂಪ್ಯೂಟರಿಗೆ ಅದು ಏಳು ಸಂಕೇತ: ಅ, ಗ, ಅರ್ಧಾಕ್ಷರದ ಚಿಹ್ನೆ, ರ, ಹ, ಆಕಾರದ ದೀರ್ಘ, ರ. ಯೂನಿಕೋಡ್ ಎಂಬ ವಿಶ್ವಮಾನ್ಯ ಪಟ್ಟಿಯಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಸಾಲು ಮೀಸಲಾಗಿದೆ. ಈ ಏಳೂ ಅಲ್ಲಿಂದ ಬಂದವು. ಜಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಸಂಕೇತವೂ 3 ಬೈಟ್ ಜಾಗ ಹಿಡಿಯುತ್ತದೆ. ಒಟ್ಟು 21 ಬೈಟ್. ಇಂಗ್ಲಿಷಿನಲ್ಲಾದರೆ ಒಂದು ಅಕ್ಷರ, ಒಂದು ಸಂಕೇತ, ಒಂದು ಬೈಟ್. ಮೂರು ಲೆಕ್ಕವೂ ಒಂದೇ. ಆ ಲೆಕ್ಕವನ್ನೇ ನಂಬಿ ಬರೆದ ಕೋಡ್ ಕನ್ನಡದ ಎದುರು ಮುಗ್ಗರಿಸುತ್ತದೆ.

ಹೇಗೆಂದರೆ, ಸುದ್ದಿಯ ತಲೆಬರಹ ಉದ್ದವಾದಾಗ ಇಷ್ಟು ಸಂಕೇತಗಳ ನಂತರ ಕತ್ತರಿಸು ಎಂದು ಹೇಳುವುದು ವಾಡಿಕೆ. ‘ಅಗ್ರಹಾರ’ವನ್ನು ಮೂರಕ್ಕೆ ಕತ್ತರಿಸಿದರೆ ಉಳಿಯುವುದು ‘ಅಗ್’. ರ ಒತ್ತು ಹಾರಿಹೋಗಿ ಗ ಅರ್ಧಕ್ಕೆ ನಿಂತಿರುತ್ತದೆ. ಬೈಟ್ ಎಣಿಸಿ ಕತ್ತರಿಸಿದರೆ ಇನ್ನೂ ಕೇಡು: ಒಂದು ಸಂಕೇತದ ಮಧ್ಯಕ್ಕೇ ಕತ್ತರಿ ಬಿದ್ದು, ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕರಿಚೌಕ ಬಂದು ಕೂರುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಸಾಲುಗಳ ಅಂತರವನ್ನು ಹಾಗೆಯೇ ಬಿಟ್ಟರೆ ‘ರಾಷ್ಟ್ರ’ದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ತಲೆಗೆ ತಾಗುತ್ತವೆ, ಇಲ್ಲವೇ ಗುಂಡಿಯ ಅಂಚಿಗೆ ಸಿಕ್ಕಿ ತುಂಡಾಗುತ್ತವೆ.

ಹುಡುಕಾಟದ ಕಷ್ಟ ಕಣ್ಣಿಗೆ ಕಾಣುವುದೂ ಇಲ್ಲ. ‘ಸೂರ್ಯ’ ಎಂದು ಕೆಲವರು ಅರ್ಕಾವತ್ತಿನಿಂದ ಬರೆಯುತ್ತಾರೆ, ಕೆಲವರು ರಕಾರಕ್ಕೆ ಯಕಾರದ ಒತ್ತು ಕೊಟ್ಟು ‘ಸೂರ‍್ಯ’ ಎನ್ನುತ್ತಾರೆ. ಎರಡನೆಯದರ ಒಳಗೆ ಪರದೆಯ ಮೇಲೆ ಕಾಣದ ಒಂದು ಜೋಡಣೆಯ ಸಂಕೇತ ಅಡಗಿದೆ. ಓದುಗನಿಗೆ ಎರಡೂ ಸೂರ್ಯನೇ. ಹುಡುಕುವ ಯಂತ್ರಕ್ಕೆ ಮೊದಲೇ ಹೇಳಿಕೊಡದಿದ್ದರೆ ಅವು ಎರಡು ಬೇರೆ ಪದ. ‘ಕೋ’ ಎಂಬಂಥ ಅಕ್ಷರವನ್ನೂ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಕೂಡಿಡಬಹುದು. ಓತ್ವಕ್ಕೆ ಒಂದೇ ಸಂಕೇತ ಕೊಡಬಹುದು, ಅದನ್ನೇ ತುಂಡು ತುಂಡಾಗಿಯೂ ಕೊಡಬಹುದು. ಹೀಗೆ ಬಂದದ್ದನ್ನೆಲ್ಲ ಮೊದಲು ಒಂದು ಹದಕ್ಕೆ ತಂದು ಆಮೇಲೆ ಹೋಲಿಸಬೇಕು. ಇದು ಕಾಲೇಜಿನ ಪಾಠದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಕನ್ನಡ ತಾಣ ಕಟ್ಟಲು ಹೊರಟವರು ಪೆಟ್ಟು ತಿಂದೇ ಕಲಿಯುತ್ತಾರೆ, ಅಥವಾ ಮೊದಲೇ ಪೆಟ್ಟು ತಿಂದವರನ್ನು ಕೇಳಿ ಕಲಿಯುತ್ತಾರೆ. ಸ್ಥಳೀಯ ಸಮುದಾಯ ಎಂಬುದು ಬೇಕಾಗುವುದು ಇಲ್ಲಿಯೇ. ಬಿಡುವಿನ ಸಮಾಜಸೇವೆಯೆಂದು ಅದನ್ನು ಹೊಗಳುವವರು ಅದರ ಬೆಲೆಯನ್ನು ಕಮ್ಮಿ ಮಾಡುತ್ತಾರೆ. ಈ ಕಸುಬಿನ ಅರ್ಧ ಉಪಕರಣ ಬಂದದ್ದೇ ಆ ದಾರಿಯಿಂದ.

ಕನ್ನಡದ ಮಟ್ಟಿಗೆ ಇದು ಬರಿಯ ಮಾತಲ್ಲ. ಯು.ಬಿ. ಪವನಜರು ‘ವಿಶ್ವ ಕನ್ನಡ’ ತಾಣವನ್ನು ಆರಂಭಿಸಿದ್ದು 1996ರಲ್ಲಿ. ಆಗ ಬ್ರೌಸರಿಗೆ ಕನ್ನಡ ಎಂದರೆ ಏನೆಂದೇ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳೇ ಗತಿ. ಓದುಗನ ಗಣಕದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ರೋಮನ್ ಗೀಚು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಕನ್ನಡ ಬೆರಳಚ್ಚಿನ ‘ಬರಹ’ ತಂತ್ರಾಂಶವನ್ನು ಹೊರತಂದರು. ಅದರ ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇಂದು ಬಹುಜನ ಒತ್ತುವ ಕೀಲಿಮಣೆಯ ವಿನ್ಯಾಸದ ಹಿಂದೆ ಕೆ.ಪಿ. ರಾವ್ ಅವರ ತರ್ಕವಿದೆ: ವ್ಯಂಜನ ಒತ್ತಿ, ಸ್ವರ ಒತ್ತಿ, ಕಾಗುಣಿತವನ್ನು ಯಂತ್ರವೇ ಕೂಡಿಸಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಜೊತೆಗೇ ಬಂತು. ಮೊಬೈಲಿನಲ್ಲಿ ಕಾದದ್ದು ಇನ್ನೂ ಹೆಚ್ಚು. ಆಂಡ್ರಾಯ್ಡ್ ಕನ್ನಡವನ್ನು ತಾನಾಗಿ ತೋರಿಸತೊಡಗಿದ್ದು 2012ರ 4.1ನೇ ಆವೃತ್ತಿಯಿಂದ.

ಪರದೆಗೆ ಕನ್ನಡ ಬಂದ ಮೇಲೆ ಅದರಲ್ಲಿ ತುಂಬುವ ಕೆಲಸ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಹರಿಪ್ರಸಾದ್ ನಾಡಿಗರ ‘ಸಂಪದ’ ತಾಣ 2005ರಲ್ಲಿ. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಪದವಾಗಿ ಹುಡುಕಲು ಬರುವಂತೆ ಮಾಡಿತು. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಜಾಲಕ್ಕೆ ಬಂತು. ಒಂದೂವರೆ ಲಕ್ಷ ನಮೂದುಗಳ ಆ ನಿಘಂಟಿಗೆ ತಾಣ ಕಟ್ಟಿಕೊಟ್ಟವರು ಕೈಲಾಶ್ ನಾದ್ ಎಂಬ ತಂತ್ರಾಂಶ ಅಭಿವೃದ್ಧಿಕಾರರು. ಅಷ್ಟು ವರ್ಷದ ವಿದ್ವತ್ತಿಗೆ ಜನರ ಕೈ ಸೇರಲು ಬೇಕಾಗಿದ್ದದ್ದು ಒಬ್ಬ ಒಳ್ಳೆಯ ವೆಬ್ ಡೆವಲಪರ್!

ಮೈಸೂರಿಗೆ ಇದರಲ್ಲಿ ತನ್ನದೇ ಪಾಲಿದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಯಾರು ಬೇಕಾದರೂ ಬಳಸಬಹುದು, ಮೂಲವನ್ನು ಹೇಳಬೇಕು. ಇಂಥ ನಿರ್ಧಾರ ಕಾಗದದ ಮೇಲೆ ಒಂದು ರುಜುವಿನಲ್ಲಿ ಮುಗಿಯುತ್ತದೆ. ಅದನ್ನು ಪುಟ ಪುಟವಾಗಿ ವಿಕಿಸೋರ್ಸ್ ಎಂಬ ಮುಕ್ತ ಗ್ರಂಥ ತಾಣಕ್ಕೆ ಏರಿಸಿ, ತಪ್ಪು ತಿದ್ದುವುದು ಸ್ವಯಂಸೇವಕರ ಪಾಡು. ಇದೇ ಊರಿನ ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 2016ರಲ್ಲಿ ‘ಭಾರತವಾಣಿ’ ತಾಣವನ್ನು ತೆರೆದು, ಹಲವು ಭಾಷೆಗಳ ನಿಘಂಟುಗಳನ್ನು ಒಂದೇ ಕಡೆ ಇಟ್ಟಿತು. ಭಾಷೆಯ ವಿದ್ವಾಂಸರೂ ಎಂಜಿನಿಯರಿಂಗ್ ಕಾಲೇಜುಗಳೂ ಸೈಕಲ್ಲಿನ ದೂರದಲ್ಲಿರುವ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ. 1946ರ ಎನ್‌ಐಇ, 1963ರ ಎಸ್‌ಜೆಸಿಇ ಎರಡೂ ಇಲ್ಲಿವೆ. ಆ ವಿದ್ವಾಂಸರೂ ಎಂಜಿನಿಯರುಗಳೂ ಒಂದೇ ಕೋಣೆಯಲ್ಲಿ ಕೂರುವುದು ಮಾತ್ರ ಅಪರೂಪ, ಇದು ನನ್ನ ದೂರು.

ಕೂರುವ ಏರ್ಪಾಡು ಇಲ್ಲವೆಂದಲ್ಲ. ಊರಿನಲ್ಲಿ ಡೆವಲಪರ್‌ಗಳ ಮೀಟಪ್‌ಗಳು ನಡೆಯುತ್ತವೆ. ಶನಿವಾರವೋ ಭಾನುವಾರವೋ ಕಾಲೇಜಿನ ಸಭಾಂಗಣದಲ್ಲೋ ಯಾವುದೋ ಕಂಪನಿಯ ಮಹಡಿಯಲ್ಲೋ ಸೇರುತ್ತಾರೆ. ಒಬ್ಬರಿಬ್ಬರು ತಾವು ಮಾಡಿದ್ದನ್ನು ತೋರಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ನಿಜವಾದ ಕಲಿಕೆ ಕಾಫಿಯ ಹೊತ್ತಿಗೆ ನಡೆಯುತ್ತದೆ. ‘ನಿಮ್ಮ ಸರ್ವರ್ ಯಾಕೆ ಬಿದ್ದುಹೋಯ್ತು?’, ‘ಗಿರಾಕಿ ದುಡ್ಡು ಕೊಡದಿದ್ದರೆ ಏನು ಮಾಡ್ತೀರಿ?’ ಎಂಬ ಪ್ರಶ್ನೆಗಳಿಗೆ ವೇದಿಕೆಯ ಮೇಲೆ ಉತ್ತರ ಸಿಗುವುದಿಲ್ಲ. ಎಲ್ಲ ಸಭೆಯೂ ಒಳ್ಳೆಯದು ಎನ್ನಲಾರೆ. ಕೆಲವು ಕಂಪನಿಯ ಸರಕು ಮಾರುವ ನೆಪ. ಕೆಲವಕ್ಕೆ ಹುಡುಗರು ಬರುವುದೇ ಪ್ರಮಾಣಪತ್ರಕ್ಕೆ. ಮಾತು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುವುದರಿಂದ ಡಿಪ್ಲೊಮಾ ಓದಿ ಬಂದ ಹುಡುಗಿಯೊಬ್ಬಳು ಗೊತ್ತಿದ್ದೂ ಬಾಯಿ ತೆರೆಯುವುದಿಲ್ಲ. ಕನ್ನಡದಲ್ಲಿ ಒಂದೇ ಒಂದು ಉಪನ್ಯಾಸ ಇಟ್ಟರೂ ಆ ಕೋಣೆಯ ಚಹರೆ ಬದಲಾಗುತ್ತದೆ.

ಇಂಥ ಸಭೆಯಿಂದ ಜಗತ್ತಿಗೆ ಏನು ಹೋಗುತ್ತದೆ? ಜಾಲದ ಅಡಿಪಾಯದ ತಂತ್ರಾಂಶಗಳಲ್ಲಿ ಹೆಚ್ಚಿನವು ಮುಕ್ತ ತಂತ್ರಾಂಶಗಳು; ಯಾರು ಬೇಕಾದರೂ ಅವುಗಳ ಕೋಡ್ ಓದಬಹುದು, ತಿದ್ದುಪಡಿ ಕಳಿಸಬಹುದು. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಇಂದು ಜಗತ್ತಿನ ಹತ್ತು ತಾಣಗಳಲ್ಲಿ ನಾಲ್ಕನ್ನು ನಡೆಸುತ್ತಿದೆ. ಅದರ ಕನ್ನಡ ಅನುವಾದ ಮಾಡುವವರು ಸ್ವಯಂಸೇವಕರು. ಕನ್ನಡದ ಒತ್ತು, ಕಾಗುಣಿತಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ‘ಹಾರ್ಫ್‌ಬಜ್’ ಎಂಬ ತಂತ್ರಾಂಶ ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಇದೆ. ಅಗ್ರಹಾರದ ಒಬ್ಬ ಡೆವಲಪರ್ ತನ್ನ ಗಿರಾಕಿಯ ಪುಟದಲ್ಲಿ ಒತ್ತಕ್ಷರ ಕೆಟ್ಟು ಕಾಣುವುದನ್ನು ನೋಡಿ, ಆ ಪುಟಕ್ಕೆ ಮಾತ್ರ ತೇಪೆ ಹಚ್ಚಿ ಸುಮ್ಮನಾಗಬಹುದು. ಅದನ್ನೇ ಮೂಲ ತಂತ್ರಾಂಶದವರಿಗೆ ಬಿಡಿಸಿ ಬರೆದು ವರದಿ ಮಾಡಿದರೆ, ತಿದ್ದುಪಡಿ ಮುಂದಿನ ಆವೃತ್ತಿಯ ಜೊತೆ ಕಾಸರಗೋಡಿನ ಶಾಲೆಯ ಗಣಕಕ್ಕೂ ಹೋಗುತ್ತದೆ, ಸೊಲ್ಲಾಪುರದ ಕನ್ನಡಿಗರ ಫೋನಿಗೂ ಹೋಗುತ್ತದೆ. ಹಳ್ಳಿಯ ಕೆರೆಯ ತೂಬು ದುರಸ್ತಿ ಮಾಡಿದರೆ ಎಲ್ಲರ ಗದ್ದೆಗೂ ನೀರು ಹರಿಯುವ ಹಾಗೆ ಇದು. ಆದರೆ ವರದಿ ಬರೆಯಲು ಕನ್ನಡ ಓದಲು ಬರುವ ಕಣ್ಣೇ ಬೇಕು. ತಂತ್ರಾಂಶವನ್ನು ಎಲ್ಲೋ ಕೂತು ನೋಡಿಕೊಳ್ಳುವ ತಂಡಕ್ಕೆ ‘ಸ್ತ್ರೀ’ ಎಂಬುದು ಸರಿಯಾಗಿ ಮೂಡಿದೆಯೇ ಇಲ್ಲವೇ ತಿಳಿಯುವುದು ಹೇಗೆ?

ಈ ಹೊತ್ತಿಗೆಯನ್ನು ಓದುತ್ತಿರುವವರಲ್ಲಿ ಕೋಡ್ ಬರೆಯುವವರು ಕೆಲವರಷ್ಟೇ ಇರಬಹುದು. ಬರೆಯದಿದ್ದರೂ ಮಾಡಬಹುದಾದ ಕೆಲಸ ಬಹಳ ಇದೆ. ನೀವು ಬಳಸುವ ತಾಣದಲ್ಲಿ ಕನ್ನಡ ಕೆಟ್ಟು ಕಂಡರೆ ಪರದೆಯ ಚಿತ್ರ ತೆಗೆದು, ಯಾವ ಫೋನು, ಯಾವ ಬ್ರೌಸರ್ ಎಂದು ಬರೆದು ಆ ತಾಣದವರಿಗೆ ಕಳಿಸಿ. ವಿಕಿಸೋರ್ಸ್‌ನಲ್ಲಿ ವಿಶ್ವಕೋಶದ ಒಂದು ಪುಟದ ಕಾಗುಣಿತ ತಿದ್ದಿ. ಮನೆಯ ಹುಡುಗರು ಡೆವಲಪರ್ ಆಗುತ್ತೇವೆಂದರೆ ಅವರ ಮೊದಲ ತಾಣ ಕನ್ನಡದಲ್ಲಿರಲಿ, ಅದರಲ್ಲಿ ‘ಅಗ್ರಹಾರ’ವನ್ನೂ ‘ಸೂರ್ಯ’ನನ್ನೂ ಹುಡುಕಿ ನೋಡಲಿ. ಊರಿನಲ್ಲಿ ಮುಂದಿನ ಮೀಟಪ್ ಯಾವಾಗ ಎಂದು ವಿಚಾರಿಸಿಕೊಂಡು ಹೋಗಿ. ಒಳಗೆ ಬರಲು ಬಿಡುತ್ತಾರೆ, ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ.