ಹೊಳೆ ಪಕ್ಕದಲ್ಲೇ, ನೀರು ಮಾತ್ರ ದೂರ: ಮಂಡ್ಯದ ಪೂರ್ವದಂಚು

ಮಂಡ್ಯ ಜಿಲ್ಲೆ ಎಂದೊಡನೆ ನೆನಪಿಗೆ ಬರುವುದು ಕಬ್ಬು ಹಾಗೂ ಭತ್ತದ ಗದ್ದೆ. ಆದರೆ ಮದ್ದೂರು ದಾಟಿ ಮಳವಳ್ಳಿ ತಾಲ್ಲೂಕಿನ ಹಲಗೂರಿನತ್ತ ಸಾಗಿದಂತೆ ಗದ್ದೆಗಳು ವಿರಳವಾಗಿ ರಾಗಿ, ಹುರುಳಿಯ ಹೊಲಗಳು ಎದುರಾಗುತ್ತವೆ. ಮುಂದೆ ಕುರುಚಲು ಕಾಡಿನ ಬೆಟ್ಟಸಾಲು. ಅದರಾಚೆ ಕಾವೇರಿ ದಡದ ಮುತ್ತತ್ತಿ. ಜಿಲ್ಲೆಯ ಪೂರ್ವದ ಗಡಿ ಇದೇ. ಹೊಳೆಯ ಆಚೆ ದಡ ಚಾಮರಾಜನಗರ ಜಿಲ್ಲೆಗೆ ಸೇರಿದ್ದು.

ಶಿಂಷಾ ನದಿ ಕಾವೇರಿಯನ್ನು ಕೂಡುವುದೂ ಈ ಭಾಗದಲ್ಲಿಯೇ. ಎರಡು ಹೊಳೆಗಳಿದ್ದೂ ಹೊಲಗಳಿಗೆ ನೀರಿಲ್ಲದಿರುವುದಕ್ಕೆ ನೆಲದ ಏರಿಳಿತವೇ ಕಾರಣ. ಶ್ರೀರಂಗಪಟ್ಟಣದ ಬಯಲಿನಲ್ಲಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರೆ ನೀರನ್ನು ನಾಲೆಗೆ ತಿರುಗಿಸಬಹುದು. ಅರಸರ ಕಾಲದ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳು ಹುಟ್ಟಿದ್ದು ಹಾಗೆ. ಶಿವನಸಮುದ್ರದಲ್ಲಿ ಕಾವೇರಿ ಸುಮಾರು 100 ಮೀಟರ್ ಕೆಳಕ್ಕೆ ಧುಮುಕಿ ಕಣಿವೆ ಸೇರುತ್ತದೆ. ತುಮಕೂರು ಸೀಮೆಯಲ್ಲಿ ಹುಟ್ಟಿ ಮದ್ದೂರಿನ ಮಗ್ಗುಲಲ್ಲಿ ಹರಿದುಬರುವ ಶಿಂಷೆಯೂ ಶಿಂಷಾಪುರದ ಬಳಿ ಧುಮುಕುತ್ತದೆ. ಅಲ್ಲಿಂದ ಮುಂದೆ ಹೊಲ ಮೇಲೆ, ಹೊಳೆ ಕೆಳಗೆ.

ಹೀಗಾಗಿ ಈ ಎರಡು ತಾಲ್ಲೂಕುಗಳು ಕಾಯಬೇಕಾದುದು ದೂರದ ಕನ್ನಂಬಾಡಿಯ ನೀರಿಗೆ. ಅಲ್ಲಿಂದ ಹೊರಟು ಹುಲಿಕೆರೆಯ ಸುರಂಗದಲ್ಲಿ ಬೆಟ್ಟ ದಾಟುವ ವಿಶ್ವೇಶ್ವರಯ್ಯ ನಾಲೆ (ಹಿಂದಿನ ಇರ್ವಿನ್ ನಾಲೆ) 1930ರ ದಶಕದಲ್ಲಿ ಮಂಡ್ಯದ ಚಹರೆಯನ್ನೇ ಬದಲಿಸಿತು. ಆದರೆ ನಾಲೆಗೂ ಒಂದು ತುದಿ ಇರುತ್ತದೆ. ನೀರಾವರಿ ಭಾಷೆಯಲ್ಲಿ ಮದ್ದೂರು, ಮಳವಳ್ಳಿಗಳ ಹೆಸರು 'ಕೊನೆ ಭಾಗ'. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲಿನವರ ಗದ್ದೆ ತುಂಬಿದ ಬಳಿಕ ಉಳಿದದ್ದು ಇವರಿಗೆ. 2023ರಂತೆ ಜಲಾಶಯ ಭರ್ತಿಯಾಗದ ವರ್ಷದಲ್ಲಿ ಆ ಉಳಿಕೆಯೂ ಅನುಮಾನವೇ.

ರೈತನಿಗೆ ಒದಗದ ಈ ಇಳಿಜಾರು ಇತರರಿಗೆ ಒದಗಿತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಬೆಂಗಳೂರಿನ ಕುಡಿಯುವ ನೀರು ಹೊರಡುವುದೂ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ. ಸುಮಾರು 100 ಕಿ.ಮೀ. ದೂರಕ್ಕೆ, 500 ಮೀಟರಿನಷ್ಟು ಎತ್ತರಕ್ಕೆ ಅದನ್ನು ಪಂಪ್ ಮಾಡಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೇ ಹಂತದ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಹಣವಿದ್ದರೆ ನೀರು ಬೆಟ್ಟವನ್ನೂ ಏರುತ್ತದೆ ಎಂಬುದು ಕೊನೆ ಭಾಗದವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಕಣಿವೆಯ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮದ ಭಾಗ. ಮಹಶೀರ್ ಮೀನು, ನೀರುನಾಯಿ, ಆನೆಗಳ ನೆಲೆಯಿದು. ಮುತ್ತತ್ತಿರಾಯನ ದರ್ಶನಕ್ಕೆ ಬರುವವರಿಗೆ ಹೊಳೆ ಶಾಂತವಾಗಿ ಕಂಡರೂ ಬಂಡೆಗಳ ನಡುವಿನ ಸುಳಿಗಳು ಅನೇಕರನ್ನು ಬಲಿ ತೆಗೆದುಕೊಂಡಿವೆ. ಇನ್ನು ಆನೆಗಳು, ಶಿಂಷೆಯ ದಡ ಹಿಡಿದು ಮೇಲೇರಿ ಮದ್ದೂರಿನ ಕಬ್ಬಿನ ಗದ್ದೆಗಳವರೆಗೂ ಬರುವುದುಂಟು.